ಟಕ್ ಎಂದ ಚಕ್ರಗಳು

ಚಾಂಗ್‌ವನ್ ನಗರದ ನೀರು ಸರಬರಾಜು ಕಚೇರಿಯಲ್ಲಿ ಪ್ಯೋ ಮಾನ್‌ಸಿಕ್‌ನಷ್ಟು ಸಾಧು ಮನುಷ್ಯ ಇನ್ನೊಬ್ಬನಿರಲಿಲ್ಲ. ಹಸಿರು ದೀಪ ಬಿದ್ದರೂ ಅವನು ಒಮ್ಮೆ ಎಡಕ್ಕೆ ನೋಡಿ, ಒಮ್ಮೆ ಬಲಕ್ಕೆ ನೋಡಿ, ಹಿಂದಿನವನು ಹಾರ್ನ್ ಹೊಡೆದ ಮೇಲೆಯೇ ಕಾರನ್ನು ಮುಂದೆ ಬಿಡುತ್ತಿದ್ದ. ಹಾರ್ನ್ ಹೊಡೆದವನಿಗೆ ಕೈ ಎತ್ತಿ ಕ್ಷಮೆಯನ್ನೂ ಕೇಳುತ್ತಿದ್ದ.

ಇಂಥವನು ಐವತ್ತಾರನೇ ವಯಸ್ಸಿನಲ್ಲಿ ಆರುನೂರು ಕುದುರೆಗಳ ಬಲವಿರುವ, ರೇಸ್ ಮೈದಾನಕ್ಕೆಂದೇ ತಯಾರಾದ ಎಲೆಕ್ಟ್ರಿಕ್ ಕಾರನ್ನು ಯಾಕೆ ಕೊಂಡ ಎಂದು ಅಪಾರ್ಟ್‌ಮೆಂಟಿನವರೆಲ್ಲ ತಲೆ ಕೆರೆದುಕೊಂಡರು. ಕಾರಣ ತೀರಾ ಸರಳವಾಗಿತ್ತು. ಮೊದಲ ಸಲ ಹೆಂಡತಿ ಓಕ್‌ಬುನ್‌ಳನ್ನು ನೋಡಲು ಹೋದ ದಿನ ಅವಳು ತೊಟ್ಟಿದ್ದ ಕೋಟಿನ ತಿಳಿನೀಲಿ ಬಣ್ಣವೇ ಆ ಕಾರಿಗೂ ಇತ್ತು. ಇದನ್ನವನು ಯಾರಿಗೂ ಹೇಳಿರಲಿಲ್ಲ. ಓಕ್‌ಬುನ್ ಮಾತ್ರ ಆ ಬಣ್ಣ ನೋಡಿ, "ಬಚ್ಚಲುಮನೆ ಟೈಲ್ಸ್ ತರ ಇದೆ" ಅಂದಿದ್ದಳು.

ಕಾರಿನ ಸ್ಟೀರಿಂಗಿನಲ್ಲಿ ಒಂದು ಕೆಂಪು ಗುಂಡಿಯಿತ್ತು. ಅದನ್ನೊತ್ತಿದರೆ ಆರುನೂರು ಕುದುರೆಗಳೂ ಒಟ್ಟಿಗೆ ಎದ್ದು ಓಡುತ್ತವಂತೆ. ಮೊದಲ ದಿನವೇ ಮಾನ್‌ಸಿಕ್ ಆ ಗುಂಡಿಯ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ. ಕುದುರೆಗಳು ಲಾಯದಲ್ಲೇ ಉಳಿದವು. ಓಕ್‌ಬುನ್ ಕೂಡ ಆ ದಿನವೇ ತನ್ನ ಕಾಯಿದೆ ಹೊರಡಿಸಿದಳು.

"ತಗೊಂಡ್ರಿ, ಆಯ್ತು. ಇನ್ನು ಮಗಳು ದಾಸೊಮ್ ಮದುವೆ ಮುಗಿಯೋ ತನಕ ಈ ಕಾರಿಗೆ ಒಂದೇ ಒಂದು ಮೊಳೆ ಸೇರಿಸಿದ್ರೂ ನಿಮ್ಮ ಹಾಸಿಗೇನ ಇದರಲ್ಲೇ ಹಾಸ್ತೀನಿ."

"ಮೊಳೆ ಯಾಕೆ ಬೇಕು? ಎಲ್ಲಾ ಅದರಲ್ಲೇ ಇದೆ" ಅಂದ ಮಾನ್‌ಸಿಕ್. ಆ ಕ್ಷಣಕ್ಕೆ ಅದು ಸತ್ಯವೇ ಆಗಿತ್ತು.

ಅದನ್ನು ಹಾಳು ಮಾಡಿದವನು ಏಳನೇ ಮಹಡಿಯ ನಾಮ್‌ಗುಂಗ್. ದಂತವೈದ್ಯನಾಗಲು ಓದುತ್ತಿದ್ದ ಈ ಯುವಕ ಒಂದು ಸಂಜೆ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಬಂದು ನಾಲಿಗೆ ಲೊಚಗುಟ್ಟಿದ.

"ಅಂಕಲ್, ಕಾರೇನೋ ಸೂಪರ್. ಆದ್ರೆ ಚಕ್ರ ನೋಡಿ, ಒಳಗೆ ಹೋಗ್ಬಿಟ್ಟಿವೆ. ಹಲ್ಲುಸೆಟ್ಟು ತೆಗೆದಿಟ್ಟ ಅಜ್ಜನ ಕೆನ್ನೆ ಇರುತ್ತಲ್ಲ, ಹಾಗೆ."

ಮಾನ್‌ಸಿಕ್ ಬಾಯಿ ಮುಚ್ಚಿಕೊಂಡ. ಬೇಸಿಗೆಯಲ್ಲಷ್ಟೇ ಅವನಿಗೆ ಮೇಲಿನ ಸಾಲಿಗೆ ಹಲ್ಲುಸೆಟ್ಟು ಬಂದಿತ್ತು.

"ಸ್ಪೇಸರ್ ಹಾಕ್ಸಿ ಅಂಕಲ್. ಚಕ್ರಕ್ಕೂ ಗಾಡಿಗೂ ಮಧ್ಯೆ ಬೆರಳು ದಪ್ಪದ ಅಲ್ಯೂಮಿನಿಯಂ ಬಿಲ್ಲೆ ಬರುತ್ತೆ. ಚಕ್ರ ಹೊರಗೆ ಬಂದು ಗಾಡಿ ಎದೆ ಉಬ್ಬಿಸಿ ನಿಲ್ಲುತ್ತೆ. ಯಾರಿಗೂ ಗೊತ್ತೂ ಆಗಲ್ಲ."

ಯಾರಿಗೂ ಗೊತ್ತಾಗಲ್ಲ ಎಂಬ ಮಾತು ಮಾನ್‌ಸಿಕ್‌ನ ಕಿವಿಯಲ್ಲಿ ಕೂತಿತು. ಗೊತ್ತಾಗದಿದ್ದರೆ ಹಾಕಿಸುವುದಾದರೂ ಯಾಕೆ ಎಂದು ಅವನಿಗೆ ಹೊಳೆಯಲಿಲ್ಲ.

ಕಾರ್ಖಾನೆಗಳ ಬೀದಿಯ ಗ್ಯಾರೇಜಿನವನು ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿದ. ಕಾರು ನಿಜಕ್ಕೂ ಎದೆ ಉಬ್ಬಿಸಿತ್ತು. ಮಾನ್‌ಸಿಕ್ ಕೂಡ ಸ್ವಲ್ಪ ಉಬ್ಬಿಸಿ ಹೊರಡಬೇಕು ಅನ್ನುವಷ್ಟರಲ್ಲಿ ಗ್ಯಾರೇಜಿನವನು ಕಿಟಕಿಗೆ ಬಗ್ಗಿದ.

"ಯಜಮಾನ್ರೇ, ನೂರು ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನ ಒಂದ್ಸಲ ಬಿಗಿ ನೋಡ್ಕೊಳಿ. ಗಾಡಿ ಭಾರ. ಬಲ ಬೇರೆ ಒಂದೇ ಏಟಿಗೆ ಚಕ್ರಕ್ಕೆ ಬೀಳುತ್ತೆ."

"ನೋಡ್ಕೊಳ್ಳದೇ ಇದ್ರೆ?"

"ಚಕ್ರ ನಿಮಗಿಂತ ಮುಂಚೆ ಮನೆ ಸೇರುತ್ತೆ" ಎಂದು ನಕ್ಕ ಅವನು.

ಗ್ಯಾರೇಜಿನವನಿಗೆ ಅದು ತಮಾಷೆ. ಮಾನ್‌ಸಿಕ್‌ನ ಬೆನ್ನಿನಲ್ಲಿ ಬೆವರಿಳಿಯಿತು. ಅಲ್ಲೇ ಒಂದು ಟಾರ್ಕ್ ರೆಂಚ್ ಕೊಂಡ. ಮೊಳಕೈಯುದ್ದದ ಹಿಡಿ, ನಟ್ಟು ಎಷ್ಟು ಬಿಗಿಯಾಗಬೇಕೋ ಅಷ್ಟಾದಾಗ 'ಟಕ್' ಎನ್ನುತ್ತದೆ. ಮನೆಯವರೆಗೂ ಸೈಕಲ್ಲಿನವರಿಗೆಲ್ಲ ದಾರಿ ಬಿಟ್ಟುಕೊಡುತ್ತ ಬಂದ. ಪ್ರತಿ ತಿರುವಿನಲ್ಲೂ ಕನ್ನಡಿಯಲ್ಲಿ ತನ್ನ ಚಕ್ರ ಎಲ್ಲಾದರೂ ಒಂಟಿಯಾಗಿ ಹೋಗುತ್ತಿದೆಯೇ ಎಂದು ನೋಡಿದ.

ಒಂದು ಸಲ ಸಾಕು ಅಂದಿದ್ದ ಕೆಲಸವನ್ನು ಅವನು ದಿನವೂ ಮಾಡತೊಡಗಿದ. ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ನೆಲಮಾಳಿಗೆಗಿಳಿದು, ನೂಡಲ್ಸಿನ ರಟ್ಟಿನ ಡಬ್ಬಿ ಹಾಸಿ, ಬಿಳಿ ಕೈಗವಸು ತೊಟ್ಟು, ಒಂದೊಂದೇ ಚಕ್ರದ ಮುಂದೆ ಮಂಡಿಯೂರುವನು. ಟೋಪಿಯ ಅಂಚು ತಗಲುತ್ತದೆಂದು ಟೋಪಿ ತೆಗೆಯುವನು. ಯಾವ ನಟ್ಟು ಆಯಿತು ಯಾವುದು ಉಳಿಯಿತು ಎಂದು ತುಟಿಯಲ್ಲೇ ಎಣಿಸುವನು. 'ಟಕ್' ಸರಿಯಾಗಿ ಕೇಳಲೆಂದು ಕಣ್ಣು ಮುಚ್ಚುವನು.

ಹೀಗೆ ಬರಿತಲೆಯಲ್ಲಿ, ಮಂಡಿಯೂರಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಿದ್ದವನನ್ನು ಮಹಿಳಾ ಸಂಘದ ಅಧ್ಯಕ್ಷೆ ಯೊಮ್ ಒಂದು ಬೆಳಿಗ್ಗೆ ಕಂಬದ ಹಿಂದಿನಿಂದ ನೋಡಿದಳು.

ಎಲ್ಲೋ ಒಂದು ನೆಲಮಾಳಿಗೆಯಲ್ಲಿ ಎಲೆಕ್ಟ್ರಿಕ್ ಕಾರು ಹೊತ್ತಿಕೊಂಡ ಸುದ್ದಿ ಟೀವಿಯಲ್ಲಿ ಬಂದಾಗಿನಿಂದ ಯೊಮ್ ಈ ಕಾರುಗಳನ್ನು ಕಟ್ಟಿಹಾಕಿದ ಹುಲಿಗಳಂತೆ ನೋಡುತ್ತಿದ್ದಳು. ಈಗ ಹುಲಿಯ ಯಜಮಾನನೇ ಹುಲಿಯ ಮುಂದೆ ಮಂಡಿಯೂರಿದ್ದಾನೆ! ಅವಳು ಸೀದಾ ಆಡಳಿತ ಕಚೇರಿಗೆ ಓಡಿದಳು. ಮರುನಿಮಿಷ ಪ್ರತಿ ಮನೆಯ ಗೋಡೆಯ ಸ್ಪೀಕರಿನಲ್ಲೂ ಗಂಟೆ ಬಾರಿಸಿತು.

"ನಿವಾಸಿಗಳ ಗಮನಕ್ಕೆ. ನೆಲಮಾಳಿಗೆಯ ತಿಳಿನೀಲಿ ಎಲೆಕ್ಟ್ರಿಕ್ ಕಾರಿನ ಮುಂದೆ ಅದರ ಮಾಲೀಕರೇ ಬೇಡಿಕೊಳ್ಳುತ್ತಿರುವುದು ಕಂಡುಬಂದಿದೆ. ಗಾಬರಿಯಾಗಬೇಡಿ. ಅಮೂಲ್ಯ ವಸ್ತುಗಳನ್ನು ತೆಗೆದುಕೊಂಡು ಕೆಳಗೆ ಬನ್ನಿ."

ಜನ ಗಾಬರಿಯಾಗಿಯೇ ಬಂದರು. ಒಬ್ಬರ ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಇನ್ನೊಬ್ಬರ ಕೈಯಲ್ಲಿ ನಾಯಿಮರಿ. ಓಕ್‌ಬುನ್ ಅನ್ನ ಬಡಿಸುವ ಸೌಟು ಹಿಡಿದುಕೊಂಡೇ ಇಳಿದಿದ್ದಳು. ಮಾನ್‌ಸಿಕ್ ರೆಂಚನ್ನು ಕಾರಿನಡಿ ತಳ್ಳಿದ. ಎದ್ದೇಳುವಷ್ಟು ಹೊತ್ತು ಮಾತ್ರ ಸಿಗಲಿಲ್ಲ.

"ದಾಸೊಮ್ ಅಪ್ಪ, ಬಾಯಿ ಬಿಟ್ಟು ಹೇಳಿ" ಅಂದಳು ಯೊಮ್. "ಬ್ಯಾಟರೀಲಿ ಏನೋ ಐಬಿದೆ ತಾನೆ? ಅದಕ್ಕೇ ದಿನಾ ಇದರ ಕಾಲಿಗೆ ಬೀಳ್ತಿದೀರಿ!"

"ಇಲ್ಲ ಇಲ್ಲ, ಬ್ಯಾಟರಿ ಚೆನ್ನಾಗಿದೆ."

"ಹಾಗಾದ್ರೆ ಚಕ್ರದ ಮುಂದೆ ಏನ್ ಮಾಡ್ತಿದ್ರಿ?"

ಮಾನ್‌ಸಿಕ್ ತಲೆಯೆತ್ತಿದ. ಎಡಗಡೆ ಸಿಲಿಂಡರ್. ಬಲಗಡೆ ಓಕ್‌ಬುನ್‌. ಸಿಲಿಂಡರೇ ಎಷ್ಟೋ ವಾಸಿ ಅನ್ನಿಸಿತು. ನಟ್ಟು ಅಂದರೆ ಸ್ಪೇಸರ್ ಅನ್ನಬೇಕು, ಸ್ಪೇಸರ್ ಅಂದರೆ ಹಾಸಿಗೆ ಇಲ್ಲೇ.

"ಬೇಡ್ಕೊಳ್ತಿದ್ದೆ. ದಾಸೊಮ್ ಮದುವೆ ಸುಸೂತ್ರವಾಗಿ ಆಗ್ಲಿ ಅಂತ."

ಸಿಲಿಂಡರಿನವನು ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ರೀ" ಅಂದಳು ಓಕ್‌ಬುನ್. "ಅವಳು ಹುಟ್ಟಿದ ದಿನ ಕೂಡ ನೀವು ಪೈಪು ಒಡೀತು ಅಂತ ಆಫೀಸಿಗೆ ಹೋಗಿದ್ರಿ. ಈಗ ದಿನಾ ಬೆಳಿಗ್ಗೆ... ನನಗೂ ಹೇಳ್ದೆ..." ಕಣ್ಣೊರೆಸಿಕೊಂಡಾಗ ಹಣೆಗೆ ಒಂದಷ್ಟು ಅನ್ನ ಅಂಟಿಕೊಂಡಿತು.

ಯೊಮ್ ಬಗ್ಗಿ ಕಾರಿನಡಿಯಿಂದ ರೆಂಚನ್ನು ಎಳೆದಳು. "ಮತ್ತೆ ಇದೇನು?"

ಮಾನ್‌ಸಿಕ್ ಬಾಯಿ ತೆರೆದ. ಅಷ್ಟರಲ್ಲಿ ಯೊಮ್‌ಳ ಕೈಯಲ್ಲೇ ಅದು 'ಟಕ್' ಅಂದಿತು. ಅವಳ ಮುಖ ಬೆಳಗಿತು.

"ಓಹೋ! ಮಠದಲ್ಲಿ ಸನ್ಯಾಸಿಗಳು ಜಪ ಮಾಡ್ವಾಗ ಮರದ ಬುರುಡೆ ಬಡೀತಾರಲ್ಲ, ಹಾಗೆ! ಟಕ್ ಅಂದ್ರೆ ಕೋರಿಕೆ ಮುಟ್ತು ಅಂತ."

ಇಡೀ ಬ್ಲಾಕಿಗೆ ವಿಷಯ ಅರ್ಥವಾಯಿತು. ಅರ್ಥವಾಗದೇ ಉಳಿದವನು ಮಾನ್‌ಸಿಕ್ ಒಬ್ಬನೇ.

ಮರುದಿನ ಓಕ್‌ಬುನ್ ತಾನೂ ಇಳಿದು ಬಂದಳು. ಹೊಸ ಕಾರಿಗೆ ಮಾಡುವ ಶಾಸ್ತ್ರವನ್ನು ಆಗ ಸಿಟ್ಟಿನಲ್ಲಿ ಮಾಡಿರಲಿಲ್ಲವಂತೆ. ನಾಲ್ಕು ಚಕ್ರಕ್ಕೂ ಅಕ್ಕಿಹೆಂಡ ಸುರಿದಳು. ಬಿಳಿ ದಾರ ಸುತ್ತಿದ ಒಣಮೀನೊಂದನ್ನು ಕಾರಿನ ಮುಂದಿನ ಡಿಕ್ಕಿಯೊಳಗೆ ಮಲಗಿಸಿದಳು. ಮಾನ್‌ಸಿಕ್‌ಗೆ ಹೆಂಡ ಇಂಗಿ ನಟ್ಟು ಜಾರಬಹುದೆಂಬ ಹೊಸ ಚಿಂತೆ ಹುಟ್ಟಿ ಅಂದು ಎಲ್ಲವನ್ನೂ ಇನ್ನೊಂದು ಸುತ್ತು ಬಿಗಿದ. "ಎಷ್ಟು ಭಕ್ತಿ ನೋಡಿ" ಅಂದರು ನೋಡಿದವರು.

ಅದರ ಮರುದಿನ ಕಾವಲುಗಾರ ಗುಕ್ ಟೋಪಿ ಕೈಯಲ್ಲಿ ಹಿಡಿದು ಬಂದ.

"ಪ್ಯೋ ಸಾಹೇಬ್ರೇ, ನಮ್ಮನೆಯವಳಿಗೆ ಮಂಡಿ ಆಪರೇಷನ್ನು. ನಾಲ್ಕು ಚಕ್ರಾನೂ ಮಗಳಿಗೇ ಬೇಕಾ? ಒಂದು ನಮಗೆ ಕೊಟ್ರೆ..."

ಇಲ್ಲ ಎನ್ನುವುದು ಮಾನ್‌ಸಿಕ್‌ಗೆ ಹುಟ್ಟಿನಿಂದ ಬರದ ವಿದ್ಯೆ. ಹಿಂದಿನ ಬಲಚಕ್ರ ಗುಕ್‌ನ ಹೆಂಡತಿಯ ಮಂಡಿಗೆ ಹೋಯಿತು. ಹನ್ನೊಂದನೇ ಮಹಡಿಯ ಹೆಂಗಸಿನ ಮಗ ಕಾಲೇಜು ಪ್ರವೇಶದ ಪರೀಕ್ಷೆ ಬರೆಯುವವನಿದ್ದ. ಸೀಟು ಗಟ್ಟಿಯಾಗಿ ಅಂಟಿಕೊಳ್ಳಲೆಂದು ಪರೀಕ್ಷೆಯ ಕಾಲದಲ್ಲಿ ಅಂಟುಮಿಠಾಯಿ ಕೊಡುವುದು ಎಲ್ಲರ ವಾಡಿಕೆ. ಈಕೆ ಮಗನಿಗೂ ಕೊಟ್ಟಳು, ಒಂದು ದೊಡ್ಡ ತುಂಡನ್ನು ಬಿಸಿಮಾಡಿ ಹಿಂದಿನ ಎಡಚಕ್ರದ ಮೇಲಿನ ಮಡ್‌ಗಾರ್ಡಿನ ಅಂಚಿಗೂ ಮೆತ್ತಿದಳು. ಮಾನ್‌ಸಿಕ್ ದಿನವೂ ಮೊದಲಿನ ಹಾಗೆಯೇ ನಟ್ಟು ಬಿಗಿದ. ಹಿಂದೆ ನಿಂತವರು ಪ್ರತಿ 'ಟಕ್'ಗೂ ಉಸಿರು ಬಿಟ್ಟರು.

ಎಲ್ಲರಿಗೂ ಒಳ್ಳೆಯದೇ ಆಗುತ್ತಿತ್ತು. ಆದರೆ ಅಧ್ಯಕ್ಷೆ ಯೊಮ್‌ಳಿಗೆ ಒಬ್ಬ ತಂಗಿಯಿದ್ದಳು. ಅವಳು ಚರ್ಚಿನಲ್ಲಿ ಹಾಡುತ್ತಿದ್ದಳು. ಆ ಚರ್ಚಿನ ಸಭಾಹಿರಿಯರು ಮೆಂಗ್. ಮೆಂಗ್ ಅವರ ಮಗ ಇನ್‌ಹೋನನ್ನೇ ದಾಸೊಮ್ ಮದುವೆಯಾಗುವವಳಿದ್ದಳು.

ಬುಸಾನ್‌ನಿಂದ ಮಗಳ ಫೋನ್ ಬಂತು.

"ಅಪ್ಪಾ, ನಿಜ ಹೇಳಿ. ನೀವು ಕಾರಿಗೆ ಅಡ್ಡಬೀಳ್ತಿದೀರಂತೆ?"

"ಅಡ್ಡ ಬಿದ್ದಿಲ್ಲ ಮಗಳೇ. ಮಂಡಿ ಊರ್ತೀನಿ ಅಷ್ಟೇ."

"ಅಯ್ಯೋ!" ದಾಸೊಮ್ ಅತ್ತೇಬಿಟ್ಟಳು. "ಇನ್‌ಹೋ ಅವರಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಶನಿವಾರ ಎರಡೂ ಮನೆ ಹಿರಿಯರ ಊಟ ಇದೆಯಲ್ಲ, ಅಲ್ಲಿ ನಿಮ್ಮ ಬಾಯಿಂದಲೇ ಕೇಳ್ತಾರಂತೆ. ಯಂತ್ರದ ಮುಂದೆ ತಲೆಬಾಗೋ ಮನೆಯಿಂದ ಸೊಸೆ ತರೋದು ಆಗಲ್ಲ ಅಂದ್ರಂತೆ. ಅಪ್ಪಾ, ಏನಾದ್ರೂ ಮಾಡಿ."

ಮಾನ್‌ಸಿಕ್ ಕಚೇರಿಯ ಕಕ್ಕಸಿನಲ್ಲಿ ಕೂತು ಲೆಕ್ಕ ಹಾಕಿದ. ನಿಜ ಹೇಳಿದರೆ ಬೀಗರು ಉಳಿಯುತ್ತಾರೆ, ಹೆಂಡತಿ ಹೋಗುತ್ತಾಳೆ. ಸುಳ್ಳನ್ನೇ ಹಿಡಿದುಕೊಂಡರೆ ಹೆಂಡತಿ ಉಳಿಯುತ್ತಾಳೆ, ಅಳಿಯ ಹೋಗುತ್ತಾನೆ. ಶನಿವಾರದೊಳಗೆ ಸ್ಪೇಸರನ್ನೇ ಬಿಚ್ಚಿಸಿ, ಶಾಸ್ತ್ರ-ಗೀಸ್ತ್ರ ಎಲ್ಲ ಬಿಟ್ಟೆ ಅಂದುಬಿಡೋಣ ಎಂದು ಗ್ಯಾರೇಜಿಗೆ ಓಡಿದ. ಬಾಗಿಲು ಹಾಕಿತ್ತು. 'ಚಳಿಗಾಲದ ಕಿಮ್ಚಿ ಉಪ್ಪಿನಕಾಯಿ ಹಾಕುವ ವಾರ. ಅಮ್ಮನ ಮನೆಯಲ್ಲಿದ್ದೇವೆ' ಎಂದು ಚೀಟಿ ಅಂಟಿಸಿದ್ದರು. ಅಮ್ಮನ ಮನೆಯ ಎಲೆಕೋಸಿನ ಮುಂದೆ ಮಾನ್‌ಸಿಕ್‌ನ ಮಗಳ ಬಾಳು ಯಾವ ಲೆಕ್ಕ!

ಶನಿವಾರ ಮಳೆ ಬಂದು ನಿಂತಿತ್ತು. "ಬಸ್ಸಲ್ಲಿ ಹೋಗೋಣ್ವಾ?" ಅಂದ ಮಾನ್‌ಸಿಕ್.

"ಯಾಕೆ? ಇಷ್ಟು ದಿನ ಬೇಡ್ಕೊಂಡ ಕಾರು. ಇದರಲ್ಲೇ ಹೋಗೋಣ. ಬೀಗರು ಏನು ಕೇಳಿದ್ರೂ ಹೆದರ್ಬೇಡಿ. ಮಗಳಿಗೋಸ್ಕರ ಅಪ್ಪ ಬೇಡ್ಕೊಂಡ್ರೆ ಯಾವ ದೇವರಿಗೆ ಬೇಜಾರಾಗುತ್ತೆ?" ಓಕ್‌ಬುನ್ ಅಂದು ತುಟಿಗೆ ಬಣ್ಣ ಹಚ್ಚಿದ್ದಳು. ಗಂಡನ ಬಲಪಕ್ಕ ಕೂತು ಅವನ ಟೈ ಸರಿಮಾಡಿದಳು. ಇಷ್ಟು ಅಕ್ಕರೆ ಕಂಡು ಎಷ್ಟೋ ವರ್ಷವಾಗಿದ್ದ ಮಾನ್‌ಸಿಕ್ ಸೀಟ್ ಬೆಲ್ಟನ್ನು ಎರಡು ಸಲ ಎಳೆದು ಬಿಗಿದುಕೊಂಡ.

ಹೋಟೆಲಿನ ಪ್ರತ್ಯೇಕ ಕೋಣೆಯಲ್ಲಿ ಎರಡು ಮನೆಯವರೂ ಎದುರುಬದುರು ಕೂತರು. ಮೆಂಗ್ ಹಿರಿಯರು ನೆಟ್ಟಗೆ ಕೂತ ಎತ್ತರದ ಮನುಷ್ಯ. ಪಕ್ಕದಲ್ಲಿ ಅವರ ಹೆಂಡತಿ, ದನಿಯೇ ಇಲ್ಲದ ಸಣ್ಣ ಹೆಂಗಸು. ತುದಿಯಲ್ಲಿ ಇನ್‌ಹೋ ಮತ್ತು ದಾಸೊಮ್, ದಂತವೈದ್ಯರ ಬಾಗಿಲಲ್ಲಿ ಕಾಯುವವರ ಹಾಗೆ.

"ಚಳಿ ಜಾಸ್ತಿ ಆಯ್ತು" ಅಂದರು ಮೆಂಗ್.

"ಹೌದು, ಜಾಸ್ತಿ ಆಯ್ತು" ಅಂದ ಮಾನ್‌ಸಿಕ್.

ಗಂಜಿ ಬಂತು, ಹೋಯಿತು.

"ಇನ್ನೂ ಜಾಸ್ತಿ ಆಗುತ್ತಂತೆ."

"ಆಗುತ್ತಂತೆ."

ಹುರಿದ ಮೀನು ಬಂದಾಗ ಮೆಂಗ್ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಅನ್ನಕ್ಕೆ, ಮಳೆಗೆ, ಮಕ್ಕಳಿಗೆ, ದೇಶಕ್ಕೆ ಒಂದೊಂದಾಗಿ ವಂದನೆ ಸಲ್ಲಿಸುತ್ತಾ ನಡುವೆ ಒಂದು ಕಣ್ಣನ್ನು ಚೂರೇ ತೆರೆದು ನೋಡಿದರು. ಎದುರಿಗೆ ಬೀಗರು ಕಣ್ಣು ಮುಚ್ಚಿದ್ದಾರೆ, ತುಟಿ ಅಲ್ಲಾಡುತ್ತಿದೆ, ಬಲಗೈ ಮಾತ್ರ ಗಾಳಿಯಲ್ಲಿ ನಿಧಾನವಾಗಿ ಏನನ್ನೋ ತಿರುಗಿಸುತ್ತಿದೆ. ಕೊನೆಗೆ ನಾಲಿಗೆಯಿಂದ ಸಣ್ಣಗೆ 'ಟಕ್' ಅಂದರು.

ಮೆಂಗ್ ದೇಶವನ್ನು ಅರ್ಧಕ್ಕೇ ಬಿಟ್ಟು ಆಮೆನ್ ಅಂದರು.

"ಬೀಗರೇ, ಮುಚ್ಚುಮರೆ ಬೇಡ. ಆ ಕಾರನ್ನ ನಾನೊಂದ್ಸಲ ನೋಡ್ಬೇಕು."

"ಊಟ ಆಗ್ಲಿ..."

"ಊಟ ಗಂಟಲಲ್ಲಿ ಇಳೀತಿಲ್ಲ ಬೀಗರೇ. ನಡೀರಿ."

ಎಲ್ಲರೂ ಹೊರಗಿನ ಪಾರ್ಕಿಂಗಿಗೆ ಬಂದರು. ಹೊರಚಾಚಿದ ಚಕ್ರಗಳು ದಾರಿಯ ಕೆಸರನ್ನೆಲ್ಲ ಎರಚಿ ತಿಳಿನೀಲಿ ಬಾಗಿಲುಗಳು ಎಮ್ಮೆಯ ಮೈಯಂತಾಗಿದ್ದವು. ಮೆಂಗ್ ಮುಂದಿನ ಡಿಕ್ಕಿ ತೆರೆಸಿದರು. ದಾರ ಸುತ್ತಿದ ಒಣಮೀನು ಬಾಯಿ ಕಳೆದು ಅವರನ್ನೇ ನೋಡಿತು. ಹಿರಿಯರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಧೈರ್ಯ ತಂದುಕೊಂಡು ಕಾರಿನ ಹಿಂದಕ್ಕೆ ನಡೆದು, ಎಡಚಕ್ರದ ಮೇಲಿನ ಅಂಚಿಗೆ ಅಂಗೈ ಊರಿ, ಗಟ್ಟಿಯಾಗಿ ಹೇಳಿದರು:

"ಕರ್ತನೇ, ಈ ಮನೆಯವರನ್ನು ಬಂಗಾರದ ಕರುವಿನಂಥ ಈ ಚಕ್ರದ ವಿಗ್ರಹದಿಂದ ಬಿಡಿಸು!"

ಮನೆಯವರು ಬಿಡುಗಡೆಯಾದರೋ ಇಲ್ಲವೋ, ಹಿರಿಯರ ಅಂಗೈ ಮಾತ್ರ ಅಲ್ಲಿಂದ ಬಿಡುಗಡೆಯಾಗಲಿಲ್ಲ. ಹನ್ನೊಂದನೇ ಮಹಡಿಯ ಅಂಟುಮಿಠಾಯಿ ಒಳ್ಳೆಯ ಜಾತಿಯದು. ಎಳೆದರು. ಜಗ್ಗಿದರು. ಇನ್‌ಹೋ ಸೊಂಟ ಹಿಡಿದು ಎಳೆದ. ಮೆಂಗ್ ಬಗ್ಗಿ ಕೈಯ ಗತಿ ಏನಾಯಿತೆಂದು ನೋಡುವಾಗ ಅವರ ಕಣ್ಣಿಗೆ ಬೇರೊಂದು ಬಿತ್ತು.

"ಇದೇನು? ಈ ಚಕ್ರ ಗಾಡಿಯಿಂದ ಆಚೆ ಬಂದಿದೆಯಲ್ಲ?"

"ಆಚೆ ಬಂದಿದೆಯಾ?" ಓಕ್‌ಬುನ್ ಬಗ್ಗಿದಳು. ಪರದೆ ಹೊಲಿಯುವ ಕೆಲಸದವಳು ಅವಳು. ಬಟ್ಟೆ ಎಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲೇ ಹಿಡಿಯುವವಳು. ಹೆಬ್ಬೆರಳಿಟ್ಟು ನೋಡಿದಳು. ಮುಂದಿನ ಚಕ್ರಕ್ಕೆ ಹೋಗಿ ಅಲ್ಲೂ ನೋಡಿದಳು. "ಹೌದು. ಮೊದಲು ಹೀಗಿರಲಿಲ್ಲ. ನಾಲ್ಕೂ ಬಂದಿವೆ."

ಆಗ ಅಲ್ಲಿಯವರೆಗೆ ಮಾತಾಡದಿದ್ದ ಮೆಂಗ್ ಅವರ ಹೆಂಡತಿ ಎದೆಯ ಮೇಲೆ ಕೈಯಿಟ್ಟು ಪಿಸುಗುಟ್ಟಿದಳು. "ಬೇಡ್ಕೊಂಡಿದ್ದಕ್ಕೆ... ತಾನಾಗೇ ಬಂತಾ?"

ಎಲ್ಲರೂ ಮಾನ್‌ಸಿಕ್‌ನ ಕಡೆ ತಿರುಗಿದರು. ಹೌದು ಅಂದುಬಿಟ್ಟಿದ್ದರೆ ಅವನಿಗೆ ಹೆಂಡತಿಯ ಬೈಗುಳ ತಪ್ಪುತ್ತಿತ್ತು, ಬಹುಶಃ ಒಂದು ಮಠವೂ ಸಿಗುತ್ತಿತ್ತು. ಅವನು ಮಗಳ ಮುಖ ನೋಡಿದ. ದಾಸೊಮ್ ಕೆಳತುಟಿ ಕಚ್ಚಿಕೊಂಡಿದ್ದಳು. ಚಿಕ್ಕಂದಿನಲ್ಲಿ ಸೈಕಲ್ಲಿಂದ ಬಿದ್ದಾಗಲೂ ಹೀಗೆಯೇ ಕಚ್ಚಿಕೊಂಡು ನಿಲ್ಲುತ್ತಿದ್ದಳು.

"ತಾನಾಗೇ ಬಂದಿಲ್ಲ" ಅಂದ. "ನಾನೇ ಬರಿಸಿದ್ದು. ಸ್ಪೇಸರ್ ಅಂತ ಹಾಕಿಸಿದೀನಿ."

ಹಿಂದಿನ ಡಿಕ್ಕಿಯಿಂದ ರೆಂಚ್ ತೆಗೆದು ಎಲ್ಲರಿಗೂ ತೋರಿಸಿದ. "ಇದು ಜಪದ ಬುರುಡೆ ಅಲ್ಲ. ನಟ್ಟು ಬಿಗಿಯೋದು. ಚಕ್ರ ಕಳಚಿಹೋಗುತ್ತೆ ಅಂತ ಭಯ. ಅದಕ್ಕೇ ದಿನಾ ಮಂಡಿಯೂರಿ ಬಿಗೀತಿದ್ದೆ. ಯೊಮ್ ಅವರು ಎಲ್ಲರ ಮುಂದೆ ಕೇಳಿದಾಗ ಬಾಯಿಗೆ ಪ್ರಾರ್ಥನೆ ಅಂತ ಬಂತು. ಮದುವೆ ನಿಲ್ಲಿಸ್ಬೇಡಿ ಬೀಗರೇ. ತಪ್ಪು ನನ್ನ ಶೋಕೀದು, ಮಗಳದ್ದಲ್ಲ."

"ಯಾಕೆ ಹಾಕಿಸಿದ್ರಿ?" ಅಂಟಿಕೊಂಡಲ್ಲಿಂದಲೇ ಕೇಳಿದರು ಮೆಂಗ್.

"ಚಕ್ರ ಒಳಗೆ ಹೋಗಿ... ಹಲ್ಲುಸೆಟ್ಟು ತೆಗೆದ ಅಜ್ಜನ ಕೆನ್ನೆ ತರ ಕಾಣುತ್ತೆ ಅಂದ್ರು."

ಮೆಂಗ್ ಹಿರಿಯರ ಮುಖದಲ್ಲಿ ಅಷ್ಟು ದಿನದಿಂದ ಕಟ್ಟಿದ್ದ ಮೋಡ ಸರಿಯಿತು. ಭುಜ ಕುಣಿಯಿತು. ಆಮೇಲೆ ದೊಡ್ಡದಾಗಿ ನಕ್ಕರು. ಕೈ ಅಂಟಿದ್ದರಿಂದ ಇಡೀ ಕಾರು ಜೊತೆಗೆ ಅಲುಗಿತು.

"ಬರೀ ಶೋಕೀನಾ? ವಿಗ್ರಹ ಅಲ್ಲ, ಶೋಕಿ! ಅಯ್ಯೋ ಬೀಗರೇ, ಮೊದಲೇ ಹೇಳ್ಬಾರ್ದಿತ್ತಾ? ಶೋಕಿಯವರನ್ನ ಹೊರಗೆ ಹಾಕಿದ್ರೆ ನಮ್ಮ ಸಭೇಲಿ ಬೆಂಚು ಮಾತ್ರ ಉಳಿಯುತ್ತೆ. ನಾನೇ ಕೂದಲಿಗೆ ಬಣ್ಣ ಹಾಕೋನು."

"ರೀ!" ಅಂದಳು ಅವರ ಹೆಂಡತಿ. ಇನ್‌ಹೋ ಅಪ್ಪನ ತಲೆಯನ್ನೇ ಹೊಸದಾಗಿ ನೋಡಿದ. ದಾಸೊಮ್ ಅಳುತ್ತಲೇ ನಗತೊಡಗಿದಳು.

ನಗದಿದ್ದವಳು ಓಕ್‌ಬುನ್ ಒಬ್ಬಳೇ. ಅವಳು ಗಂಡನ ಕೈಯಿಂದ ರೆಂಚ್ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಹಾಗಾದ್ರೆ ಬೇಡ್ಕೊಂಡಿದ್ದು ಸುಳ್ಳು."

ಮಾನ್‌ಸಿಕ್ ತಲೆತಗ್ಗಿಸಿದ. "ಮೊದಮೊದಲು ಸುಳ್ಳೇ. ಆಮೇಲೆ ನೀನು ಹೆಂಡ ಸುರಿದ್ಯಲ್ಲ, ಅವತ್ತಿಂದ... ಇದು ಗುಕ್ ಹೆಂಡತಿ ಮಂಡಿ, ಇದು ಆ ಹುಡುಗನ ಪರೀಕ್ಷೆ ಅಂತ ಅವರೆಲ್ಲ ಹಿಂದೆ ನಿಂತಿರೋವಾಗ ಸುಮ್ನೆ ಹೇಗೆ ಬಿಗಿಯೋದು? ಹೇಗಿದ್ರೂ ಹೆದರಿಕೇಲಿ ಏನಾದ್ರೂ ಹೇಳ್ತಾನೇ ಇದ್ದೆ. ಮುಂದಿನ ಎಡಗಡೇದು ದಾಸೊಮ್‌ದು. ಮುಂದಿನ ಬಲಗಡೇದು..." ನಿಲ್ಲಿಸಿದ.

"ಯಾರದ್ದು?"

"ನೀನು ಕೂರೋ ಕಡೆ ಅದು. ಅದನ್ನ ಮಾತ್ರ ಮೊದಲ ದಿನದಿಂದ್ಲೂ ಎರಡೆರಡು ಸಲ ಬಿಗೀತಿದ್ದೆ."

ಓಕ್‌ಬುನ್ ಹೋಗಿ ಮುಂದಿನ ಬಲಚಕ್ರದ ಮುಂದೆ ನಿಂತಳು. ಜೀರುಂಡೆಯಂತೆ ಮಿರುಗುತ್ತಿದ್ದ ನಟ್ಟುಗಳನ್ನು ನೋಡಿದಳು. ಆ ಒಂದು ಚಕ್ರದವು ಮಾತ್ರ ಉಜ್ಜಿ ಉಜ್ಜಿ ಬಣ್ಣ ಹೋಗಿ ಹೊಳೆಯುತ್ತಿದ್ದವು.

"ಬಿಲ್ಲೆ ಸೋಮವಾರ ಹೊರಗೆ ಬರ್ಬೇಕು" ಅಂದಳು.

"ಬರುತ್ತೆ. ಹಾಸಿಗೆ?"

"ಮನೇಲೇ ಹಾಸ್ತೀನಿ. ಈ ಚಳೀಲಿ ಕಾರಲ್ಲಿ ಮಲಗಿ ಏನಾದ್ರೂ ಆದ್ರೆ ಮದುವೆಗೆ ಇನ್ನೊಬ್ಬ ಅಪ್ಪನ್ನ ಎಲ್ಲಿಂದ ತರ್ಲಿ?" ಎಂದು ಕೆಸರು ಮೆತ್ತಿದ ಬಾಗಿಲನ್ನು ತನ್ನ ಕೋಟಿನ ತೋಳಿನಿಂದಲೇ ಒಂದಿಷ್ಟು ಒರೆಸಿದಳು. ತಿಳಿನೀಲಿ ಕಾಣಿಸಿತು.

ಹೋಟೆಲಿನ ಹೆಂಗಸು ಬಿಸಿ ಬಾರ್ಲಿ ಚಹಾ ತಂದು ಸುರಿದು ಹಿರಿಯರ ಕೈ ಬಿಡಿಸಿದಳು. ಒಳಗೆ ಹೋಗಿ ಆರಿದ ಮೀನನ್ನೇ ಎಲ್ಲರೂ ಗಬಗಬ ತಿಂದರು. ಚಳಿಯ ವಿಷಯ ಮತ್ತೆ ಯಾರೂ ಎತ್ತಲಿಲ್ಲ. ಮದುವೆ ವಸಂತಕ್ಕೆ ಎಂದು ನಿಶ್ಚಯವಾಯಿತು.

ಸೋಮವಾರ ಗ್ಯಾರೇಜಿನವನು ಕಿಮ್ಚಿ ವಾಸನೆಯ ಕೈಯಲ್ಲಿ ಬಿಲ್ಲೆಗಳನ್ನು ಬಿಚ್ಚಿದ. ಕಾರು ಮತ್ತೆ ಕೆನ್ನೆ ಒಳಗೆಳೆದುಕೊಂಡು ಮನೆಗೆ ಬಂತು. ಮಂಗಳವಾರ ಬೆಳಿಗ್ಗೆ ಮಾನ್‌ಸಿಕ್ ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಇನ್ನೊಂದು ಬಟ್ಟಲು ಗಂಜಿ ಹಾಕಿಸಿಕೊಳ್ಳುತ್ತಿದ್ದಾಗ ಕರೆಗಂಟೆ ಬಾರಿಸಿತು. ಗುಕ್, ಹನ್ನೊಂದನೇ ಮಹಡಿಯ ಹೆಂಗಸು, ಹಿಂದೆ ಅಧ್ಯಕ್ಷೆ ಯೊಮ್.

"ಇವತ್ತು ಇಳೀಲೇ ಇಲ್ವಲ್ಲ?"

ಮಾನ್‌ಸಿಕ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಸ್ಪೇಸರ್, ಭಯ, ಸುಳ್ಳು, ಯಾವುದನ್ನೂ ಬಿಡಲಿಲ್ಲ. ಅವರು ಶ್ರದ್ಧೆಯಿಂದ ಕೇಳಿದರು.

"ಆಯ್ತು, ಅದು ನಿಮ್ಮ ಮನೆ ವಿಷಯ" ಅಂದಳು ಹನ್ನೊಂದನೇ ಮಹಡಿಯವಳು. "ಗುರುವಾರ ಪರೀಕ್ಷೆ ಇದೆ. ಈಗ ನಿಲ್ಲಿಸಿದ್ರೆ ಹೇಗೆ?"

"ನಮ್ಮವಳನ್ನ ನಾಳೆ ಆಪರೇಷನ್ನಿಗೆ ಒಳಗೆ ಕರ್ಕೊಂಡ್ ಹೋಗ್ತಾರೆ ಸಾಹೇಬ್ರೇ" ಅಂದ ಗುಕ್.

"ಆದ್ರೆ ಈಗ ಬಿಗಿಯೋ ಅಗತ್ಯಾನೇ ಇಲ್ಲ..."

ಹಿಂದಿನಿಂದ ಅವನ ಕೈಗೆ ಏನೋ ತಣ್ಣಗೆ ತಗಲಿತು. ರೆಂಚ್. ಓಕ್‌ಬುನ್ ಆಗಲೇ ನೂಡಲ್ಸಿನ ರಟ್ಟನ್ನು ಬಗಲಲ್ಲಿ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಳು. "ನಡೀರಿ. ಗಂಜಿ ನಾನು ಮುಚ್ಚಿಡ್ತೀನಿ."

ಶುಕ್ರವಾರ ಕಚೇರಿಯಲ್ಲಿದ್ದಾಗ ಮೆಂಗ್ ಹಿರಿಯರ ಫೋನ್ ಬಂತು. ದನಿ ಬಹಳ ತಗ್ಗಿತ್ತು.

"ಬೀಗರೇ, ಅಕ್ಕಪಕ್ಕ ಯಾರಾದ್ರೂ ಇದಾರಾ?"

"ಇಲ್ಲ, ಹೇಳಿ ಬೀಗರೇ."

"ಮಂಗಳವಾರ ನನ್ನ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡ್ತಾರಂತೆ. ಏನೂ ಇರಲ್ಲ. ಸಭೇಲೂ ಪ್ರಾರ್ಥನೆ ನಡೀತಿದೆ, ಅದಕ್ಕೆ ಕೊರತೆ ಇಲ್ಲ. ಆದ್ರೂ... ನೀವು ಹೇಗಿದ್ರೂ ಬೆಳಿಗ್ಗೆ ಕೆಳಗೆ ಹೋಗ್ತೀರಲ್ಲ." ಹಿರಿಯರು ಗಂಟಲು ಸರಿಮಾಡಿಕೊಂಡರು. "ಆ ಹುಡುಗನ ಪರೀಕ್ಷೆ ಮುಗೀತಂತೆ. ಹಿಂದಿನ ಎಡಚಕ್ರ ಖಾಲಿ ಇದೆಯಾ?"

ಮಾನ್‌ಸಿಕ್‌ಗೆ ಸಂಕಟವಾಯಿತು. ಇಲ್ಲ ಎನ್ನುವುದು ಅವನಿಗೆ ಈಗಲೂ ಬರುತ್ತಿರಲಿಲ್ಲ.

"ಅದು ನಿನ್ನೆ ಸಂಜೆಯೇ ಹೋಯ್ತು ಬೀಗರೇ. ನಿಮ್ಮ ಮನೆಯವರೇ ಫೋನ್ ಮಾಡಿ ತಗೊಂಡ್ರು. ನಿಮಗೆ ಹೇಳ್ಬೇಡಿ ಅಂದಿದ್ರು."

"ನಮ್ಮವಳಾ? ಯಾತಕ್ಕೆ?"

"ನಿಮ್ಮ ಹೊಟ್ಟೆಗೇ."

ಫೋನಿನಲ್ಲಿ ಬಾಗಿಲೊಂದು ಮೆಲ್ಲಗೆ ಮುಚ್ಚಿದ ಸದ್ದು ಕೇಳಿಸಿತು.

"ಹಾಗಾದ್ರೆ" ಅಂದರು ಮೆಂಗ್ ಹಿರಿಯರು ಕೊನೆಗೆ, "ಅದನ್ನ ಎರಡು ಸಲ ಬಿಗೀರಿ."